ಜೇನು ಕಚ್ಚಿತ್ತಾ ಅಂತ ಕೇಳಿದ ಡಾಕ್ಟರು

"ಯಾವತ್ತಾದರೂ ಜೇನು ಕಚ್ಚಿ ಮೈಯೆಲ್ಲ ಊದಿಕೊಂಡಿತ್ತಾ? ಕಣಜ ಏನಾದ್ರೂ?"

ಚರ್ಮದ ಡಾಕ್ಟರು ಸಿರಿಂಜ್ ಪಕ್ಕಕ್ಕಿಟ್ಟು ಹೀಗೆ ಕೇಳಿದಾಗ ನಾನು ತಮಾಷೆ ಅಂದುಕೊಂಡೆ. ಬೆಂಗಳೂರಿನ ಔಟರ್ ರಿಂಗ್ ರೋಡ್ ಪಕ್ಕದ ಕಟ್ಟಡ, ನಾಲ್ಕನೇ ಮಹಡಿ, ಕಿಟಕಿ ತೆಗೆಯೋಕೇ ಬರದ ಕೋಣೆ. ಇಲ್ಲಿಗೆ ಜೇನು ಎಲ್ಲಿಂದ ಬಂತು?

ನಾನು ಅಲ್ಲಿ ಕೂತಿದ್ದಕ್ಕೆ ಕಾರಣ ಮೊದಲೇ ಹೇಳಿಬಿಡ್ತೀನಿ, ನಾಚಿಕೆ ಒಂದೇ ಸಲಕ್ಕೆ ಮುಗಿಯಲಿ. ಮೂವತ್ತೆರಡು ದಾಟಿದ ಮೇಲೆ ನನ್ನ ಕಣ್ಣಿನ ಕೆಳಗೆ ಗುಳಿ ಬಿದ್ದಿತ್ತು. ರಾತ್ರಿ ಹನ್ನೊಂದರ ಕಾಲ್‌ಗಳು, ಬೆಳಗ್ಗೆ ಎಂಟರ ಕ್ಯಾಬ್. ಮೀಟಿಂಗಿನಲ್ಲಿ ಕ್ಯಾಮೆರಾ ಆನ್ ಮಾಡಿದರೆ ಸಾಕು, "ಹುಷಾರಿಲ್ವಾ?" ಅಂತ ಯಾರಾದರೊಬ್ಬರು ಕೇಳೋರು. ತಂಗಿಯ ಮದುವೆಗೆ ಇನ್ನೂ ಒಂದೂವರೆ ತಿಂಗಳಿತ್ತು. ಎಲ್ಲೋ ಒಂದು ಕಡೆ ಹೋಗಿ ಇಪ್ಪತ್ತೆಂಟು ಸಾವಿರ ಕೊಟ್ಟು ಫಿಲ್ಲರ್ ಹಾಕಿಸಿಕೊಂಡೆ. ಎರಡು ವಾರಕ್ಕೆ ಎಡಗಣ್ಣಿನ ಕೆಳಗೆ ಅವರೆಕಾಳಿನಷ್ಟು ಗಂಟು, ಅದರ ಮೇಲೆ ತೆಳು ನೀಲಿ ಛಾಯೆ. ಹಾಕಿದವರು "ಸೆಟ್ ಆಗುತ್ತೆ ಬಿಡಿ" ಅಂದರು. ಆಗಲಿಲ್ಲ. ಅದಕ್ಕೇ ಬೇರೆ ಡಾಕ್ಟರ ಹತ್ತಿರ ಬಂದಿದ್ದೆ.

"ಒಂದು ಕಿಣ್ವ ಇದೆ, ಹಯಲುರಾನಿಡೇಸ್ ಅಂತ. ಚುಚ್ಚಿದರೆ ನಿಮ್ಮ ಫಿಲ್ಲರ್ ಒಂದೆರಡು ದಿನದಲ್ಲಿ ಕರಗಿಹೋಗುತ್ತೆ," ಅಂದರು ಅವರು. ಆಮೇಲೆ ಬಂದದ್ದು ಜೇನಿನ ಪ್ರಶ್ನೆ. ಯಾಕೆ ಮೇಡಂ ಅಂದೆ. "ಜೇನಿನ ವಿಷದಲ್ಲೂ ಇದೇ ಜಾತಿಯ ಕಿಣ್ವ ಇರುತ್ತೆ. ಅದಕ್ಕೆ ಅಲರ್ಜಿ ಇದ್ದವರಿಗೆ ಇದಕ್ಕೂ ಆಗಬಹುದು. ಹಾವಿನ ವಿಷದಲ್ಲೂ ಇದೆ," ಅಂತ ಮಾಮೂಲಿ ದನಿಯಲ್ಲಿ ಹೇಳಿ ಮೊದಲು ಮುಂಗೈಗೆ ಒಂದು ಹನಿ ಚುಚ್ಚಿ ಕಾಯಲು ಹೇಳಿದರು. ಕಾಯುತ್ತಾ ಕೂತವಳಿಗೆ ನೆನಪಾಗಿದ್ದು ಚಿಕ್ಕಪ್ಪನ ಕಾಲು.

ನಮ್ಮೂರು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ. ಲಕ್ಷ್ಮಣತೀರ್ಥಕ್ಕೆ ಕಟ್ಟಿದ ಕಟ್ಟೆ ಊರಿನ ಹೆಸರಲ್ಲೇ ಇದೆ. ಹೊರಗಿನವರಿಗೆ ಈಗ ನಮ್ಮೂರು ಗೊತ್ತಿರೋದು ತಂಬಾಕು ಹರಾಜು ಮಾರುಕಟ್ಟೆಯಿಂದ. ಹೊಗೆಸೊಪ್ಪು ಬೆಳೆಯೋದನ್ನು ನೋಡದವರಿಗೆ ಒಂದು ಮಾತು: ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಒಳಗೆ ನೇತುಹಾಕಿದ ಮೇಲೆ ಐದಾರು ದಿನ ಬೆಂಕಿ ಆರುವ ಹಾಗಿಲ್ಲ. ಕಾವು ಹೆಚ್ಚೂ ಆಗಬಾರದು, ಕಮ್ಮಿಯೂ ಆಗಬಾರದು. ರಾತ್ರಿಯಿಡೀ ಯಾರಾದರೊಬ್ಬರು ಎದ್ದಿದ್ದು ಸೌದೆ ನೂಕುತ್ತಿರಬೇಕು. ಸೌದೆ ರಾಶಿಯ ಸಂದಿಯಲ್ಲಿ ಇಲಿ ಸೇರ್ತವೆ. ಇಲಿ ಹಿಂದೆ ಹುಳ ಬರ್ತದೆ. ನಮ್ಮ ಕಡೆ ರಾತ್ರಿ ಹೊತ್ತು ಹಾವು ಅನ್ನೋದಿಲ್ಲ, ಹುಳ ಅಂತಲೇ ಅನ್ನೋದು. ಕಚ್ಚಿತು ಅಂತಲೂ ಅನ್ನೋದಿಲ್ಲ, ಮುಟ್ಟಿತು ಅಂತೀವಿ.

1999ರ ಅಕ್ಟೋಬರ್. ನನಗೆ ಏಳು ವರ್ಷ. ರಾತ್ರಿ ಎರಡು ಗಂಟೆಗೆ ಸೌದೆ ಎಳೆಯುವಾಗ ಚಿಕ್ಕಪ್ಪನಿಗೆ ಹರಡಿನ ಮೇಲೆ ಹುಳ ಮುಟ್ಟಿತು. ಹಗ್ಗ ತಂದು ಮಂಡಿಯ ಕೆಳಗೆ ಬಿಗಿದು ಕಟ್ಟಿದರು (ಈಗ ಯಾವ ಡಾಕ್ಟರೂ ಹಾಗೆ ಬಿಗಿದು ಕಟ್ಟಿ ಅನ್ನಲ್ಲ, ಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ತನ್ನಿ ಅಂತಾರೆ). ಪಕ್ಕದ ಬೀದಿಯ ಮುದುಕರೊಬ್ಬರು ಮುಟ್ಟಿದರೆ ಮುನಿ ಬೇರು ಅರೆದು ಮೆತ್ತಿದರು. ಬೆಳಕು ಹರಿಯುವಷ್ಟರಲ್ಲಿ ಕಾಲು ತೊಡೆಯವರೆಗೆ ಊದಿ, ಚರ್ಮ ಬಿಗಿದು ಹೊಳೀತಿತ್ತು. ಸೊಪ್ಪು ಸಾಗಿಸುವ ಟೆಂಪೊದಲ್ಲಿ ಹುಣಸೂರು, ಅಲ್ಲಿಂದ ಮೈಸೂರು. ರಕ್ತ ಹೆಪ್ಪುಗಟ್ಟದ್ದು ನೋಡಿ ಕೊಳಕುಮಂಡಲ ಅಂದರಂತೆ. ಹನ್ನೊಂದು ದಿನ ಆದ ಮೇಲೆ ಚಿಕ್ಕಪ್ಪ ಬದುಕಿ ಬಂದ. ಕಾಲು ಮಾತ್ರ ಪೂರ್ತಿ ಬರಲಿಲ್ಲ. ಮೀನಖಂಡ ಇಳಿದುಹೋಗಿದೆ, ಅದರ ಮೇಲಿನ ಚರ್ಮ ಹದವಾದ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿ ಮೂಳೆಗೆ ಅಂಟಿಕೊಂಡಿದೆ.

ನನ್ನ ಗಂಟು ಕರಗಿಸುವ ಔಷಧಿಯ ನಂಟರೊಬ್ಬರು ಆ ರಾತ್ರಿ ಚಿಕ್ಕಪ್ಪನ ಕಾಲೊಳಗೂ ಇದ್ದರು ಅನ್ನೋದು ತಲೆಗೆ ಹೊಕ್ಕ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಒಂದು ತಿಂಗಳು ಸಿಕ್ಕಿದ್ದೆಲ್ಲ ಓದಿದೆ.

ಕಥೆ ಶುರುವಾಗೋದು ಚರ್ಮದಲ್ಲಿ ಅಲ್ಲ, ದನದ ಕಣ್ಣಲ್ಲಿ. 1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ದನದ ಕಣ್ಣುಗುಡ್ಡೆಯೊಳಗಿನ ಲೋಳೆಯಿಂದ ಒಂದು ಹೊಸ ವಸ್ತು ಬೇರ್ಪಡಿಸಿದರು. ಆ ಲೋಳೆ ಗಾಜಿನ ಹಾಗೆ ಪಾರದರ್ಶಕ. ಗಾಜಿಗೆ ಗ್ರೀಕಿನಲ್ಲಿ ಹ್ಯಾಲೋಸ್, ವಸ್ತುವಿನಲ್ಲಿ ಸಿಕ್ಕಿದ್ದು ಯುರಾನಿಕ್ ಆಸಿಡ್, ಎರಡೂ ಸೇರಿ ಹಯಲುರಾನಿಕ್ ಆಸಿಡ್. ಆಸಿಡ್ ಅಂದ ತಕ್ಷಣ ಸುಡುತ್ತೆ ಅಂದುಕೊಳ್ಳಬೇಡಿ. ಎರಡು ಬಗೆಯ ಸಕ್ಕರೆ ಕಣಗಳು ಒಂದಾದ ಮೇಲೊಂದು ಪೋಣಿಸಿಕೊಂಡು, ಸಾವಿರಾರು ಸಲ ಮುಂದುವರಿಯುವ ಉದ್ದನೆಯ ಸರ ಅಷ್ಟೇ. ಆ ಸರ ನೀರಿನಲ್ಲಿ ಸಿಕ್ಕುಸಿಕ್ಕಾದ ನೂಲಿನ ಉಂಡೆಯ ಹಾಗೆ ಉಬ್ಬಿ, ಸಂದುಸಂದಿನಲ್ಲಿ ನೀರು ಹಿಡಿದುಕೊಳ್ಳುತ್ತೆ. ಕೀಲುಗಳಲ್ಲಿ ಜಾರುವ ಗುಣ ಬರೋದು ಇದರಿಂದ, ಚರ್ಮ ಒತ್ತಿದರೆ ಮತ್ತೆ ಏಳೋದರಲ್ಲೂ ಇದರ ಪಾಲಿದೆ. ದೊಡ್ಡವರ ಮೈಯಲ್ಲಿ ಒಟ್ಟು ಸುಮಾರು 15 ಗ್ರಾಂ ಇರುತ್ತೆ, ಅದರಲ್ಲಿ ಅರ್ಧದಷ್ಟು ಚರ್ಮದಲ್ಲೇ. ಮೂರನೇ ಒಂದು ಭಾಗ ದಿನಾ ಕರಗಿ ದಿನಾ ಹೊಸದಾಗಿ ಹುಟ್ಟುತ್ತೆ. ಅಂದರೆ ಅಳಿಸುವ ಕಿಣ್ವ ನಮ್ಮ ಮೈಯೊಳಗೇ ಇದೆ, ಹದ ತಪ್ಪದ ಹಾಗೆ ಕೆಲಸ ಮಾಡ್ತಾ ಇರುತ್ತೆ.

ವಿಚಿತ್ರ ಏನು ಗೊತ್ತಾ? ಅಂಟು ಸಿಗೋದಕ್ಕೆ ಆರು ವರ್ಷ ಮೊದಲೇ ಅದನ್ನು ಅಳಿಸುವವನು ಸಿಕ್ಕಿಬಿದ್ದಿದ್ದ, ಯಾರಂತ ಮಾತ್ರ ಗುರುತು ಹತ್ತಿರಲಿಲ್ಲ. 1928ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿದ್ದ ಸ್ಪೇನ್ ಮೂಲದ ಫ್ರಾನ್ಸಿಸ್ಕೊ ಡುರಾನ್-ರೇನಾಲ್ಸ್, ಸಿಡುಬಿನ ಲಸಿಕೆಯ ವೈರಸ್ಸನ್ನು ಬೇರೆಬೇರೆ ಅಂಗಗಳ ಸಾರದ ಜೊತೆ ಬೆರೆಸಿ ಮೊಲಗಳ ಚರ್ಮಕ್ಕೆ ಚುಚ್ಚಿ ನೋಡುತ್ತಿದ್ದರು. ವೃಷಣದ ಸಾರ ಸೇರಿಸಿದಾಗ ಸೋಂಕು ಎಂದಿಗಿಂತ ಎಷ್ಟೋ ಅಗಲಕ್ಕೆ ಹರಡಿತು. ವೈರಸ್ಸೇ ಬೇಕಿರಲಿಲ್ಲ, ಬರೀ ಮಸಿ ಬೆರೆಸಿ ಚುಚ್ಚಿದರೂ ಚರ್ಮದಡಿಯಲ್ಲಿ ಮಸಿ ಹಾಗೇ ಹರಡುತ್ತಿತ್ತು. ಸಾರದಲ್ಲಿರುವ ಏನೋ ಒಂದು ಚರ್ಮದ ತಡೆ ತೆಗೆಯುತ್ತಿದೆ ಅಂತಾಯಿತು. ಅದಕ್ಕೆ 'ಹರಡಿಸುವ ಅಂಶ' ಅನ್ನುವ ಹೆಸರು ಬಂತು. 1939ರಲ್ಲಿ ಅವರೇ ಅದನ್ನು ಹಾವಿನ ವಿಷದಲ್ಲೂ ಕಂಡರು. ಮರುವರ್ಷ ಅರ್ನ್ಸ್ಟ್ ಚೈನ್ ಮತ್ತು ಡತೀ, ಹರಡಿಸುವ ಅಂಶ ಅಂದರೆ ಬೇರೇನಲ್ಲ, ಮೇಯರ್ ಕಂಡ ಅಂಟನ್ನು ಕಡಿಯುವ ಕಿಣ್ವವೇ ಅಂತ ತೋರಿಸಿದರು. ಹೌದು, ಪೆನ್ಸಿಲಿನ್‌ಗೆ 1945ರಲ್ಲಿ ನೊಬೆಲ್ ಹಂಚಿಕೊಂಡ ಅದೇ ಚೈನ್.

ಗದ್ದೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಪಾತಿಯ ಬದು ಒಡೆದರೆ ನೀರು ಅಲ್ಲೇ ನಿಲ್ಲಲ್ಲ, ಕೆಳಗಿನ ಪಾತಿಗಳಿಗೆಲ್ಲ ನುಗ್ಗುತ್ತೆ. ನಮ್ಮ ಜೀವಕೋಶಗಳ ಮಧ್ಯೆ ನೀರು ಹಿಡಿದು ನಿಂತ ಬದು ಹಯಲುರಾನಿಕ್ ಆಸಿಡ್. ಹುಳದ ವಿಷದಲ್ಲಿ ಬದು ಒಡೆಯುವ ಆಳು ಹಯಲುರಾನಿಡೇಸ್. ಅವನು ದಾರಿ ಮಾಡಿಕೊಟ್ಟ ಮೇಲೆ ಉಳಿದ ವಿಷಗಳು ಮಾಂಸಕ್ಕೆ, ರಕ್ತಕ್ಕೆ ನುಗ್ಗೋದು.

ಇಷ್ಟರವರೆಗೆ ಓದಿದ್ದೆಲ್ಲ ನ್ಯೂಯಾರ್ಕು, ಆಕ್ಸ್‌ಫರ್ಡು. ಆಮೇಲೆ ಒಂದು ಲೇಖನದ ಕೆಳಗೆ ವಿಳಾಸ ನೋಡಿ ಕುರ್ಚಿಯಿಂದ ಎದ್ದೇ ಬಿಟ್ಟೆ: ಜೀವರಸಾಯನಶಾಸ್ತ್ರ ವಿಭಾಗ, ಮೈಸೂರು ವಿಶ್ವವಿದ್ಯಾಲಯ, ಮಾನಸಗಂಗೋತ್ರಿ. ಹುಣಸೂರು ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಬರುವಾಗೆಲ್ಲ ನಾನು ಎಷ್ಟು ಸಲ ಆ ಕ್ಯಾಂಪಸ್ಸಿನ ಹೆಸರು ಕೇಳಿಲ್ಲ! ಒಳಗೆ ಹುಳದ ವಿಷದ ಮೇಲೆ ಕೆಲಸ ನಡೆಯುತ್ತಿದೆ ಅಂತ ಗೊತ್ತೇ ಇರಲಿಲ್ಲ.

ಹಾವಿನ ವಿಷದ ಸಂಶೋಧನೆಯಲ್ಲಿ ಅಲ್ಲಿನ ಪ್ರೊಫೆಸರ್ ಟಿ. ವೀರಬಸಪ್ಪ ಗೌಡರ ಹೆಸರು ದೊಡ್ಡದು. ಹಯಲುರಾನಿಡೇಸ್ ಕಡೆ ವಿಶೇಷವಾಗಿ ತಿರುಗಿದವರು ಕೆ. ಕೆಂಪರಾಜು, ಕೆ. ಎಸ್. ಗಿರೀಶ್ ಮತ್ತು ಜೊತೆಗಾರರು. ವಿಷದಲ್ಲಿ ಕೊಲ್ಲುವ ಅಂಶಗಳನ್ನು ಎಲ್ಲರೂ ಹುಡುಕುತ್ತಿದ್ದರು, ಬದು ಒಡೆಯುವವನ ಕಡೆ ಜಗತ್ತು ಅಷ್ಟಾಗಿ ನೋಡಿರಲಿಲ್ಲ. ಇವರು 2004ರಲ್ಲಿ ನಮ್ಮ ನಾಗರಹಾವಿನ ವಿಷದಿಂದ ಈ ಕಿಣ್ವವನ್ನು ಬೇರ್ಪಡಿಸಿ ಪರೀಕ್ಷೆ ಮಾಡಿದರು. ಒಂಟಿಯಾಗಿ ಕೊಟ್ಟರೆ ಅದು ನಿರಪಾಯ. ಆದರೆ ಕೊಳಕುಮಂಡಲದ ಸ್ನಾಯು ತಿನ್ನುವ ವಿಷದ ಜೊತೆ ಸೇರಿಸಿದರೆ ಆ ವಿಷದ ಹಾವಳಿ ಹೆಚ್ಚಾಗುತ್ತೆ. ತಾನು ಕೈ ಮಾಡದೆ ಬಾಗಿಲು ಮಾತ್ರ ತೆಗೆದುಕೊಡುವವನು.

ಇದು ಚಿಕ್ಕಪ್ಪನ ಕಾಲಿಗೆ ಬೇಕಾದ ಮಾಹಿತಿ. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿಯುತ್ತೆ, ಪ್ರಾಣ ಉಳಿಸುತ್ತೆ. ಆದರೆ ಕಚ್ಚಿದ ಜಾಗದ ಮಾಂಸ ಕೊಳೆಯೋದನ್ನು ತಡೆಯುವುದರಲ್ಲಿ ಅದು ಅಷ್ಟು ಗಟ್ಟಿಯಲ್ಲ. ಹಾಗಾಗಿಯೇ ಬದುಕಿ ಬಂದವರಲ್ಲಿ ಎಷ್ಟೋ ಜನ ಬೆರಳು, ಪಾದ, ಮೀನಖಂಡ ಬಿಟ್ಟು ಬರ್ತಾರೆ. ಈ ಕಿಣ್ವವನ್ನು ಮೊದಲೇ ತಡೆದರೆ ವಿಷ ಹರಡೋದು ನಿಧಾನ ಆಗುತ್ತಾ, ಕಾಲು ಉಳಿಯುತ್ತಾ ಅನ್ನೋದು ಮಾನಸಗಂಗೋತ್ರಿಯವರ ಪ್ರಶ್ನೆ.

ಅದಕ್ಕೆ ಅವರು ಏನೇನು ಪರೀಕ್ಷೆ ಮಾಡಿದರು ಅಂತ ಓದಿದಾಗ ಇನ್ನೊಂದು ಸಲ ಎದ್ದು ಕೂತೆ. 2004ರ ಇನ್ನೊಂದು ಲೇಖನದಲ್ಲಿರೋದು ಮುಟ್ಟಿದರೆ ಮುನಿ ಬೇರು! ಭಾರತದ ಹಾವುಗಳ ವಿಷದಲ್ಲಿರುವ ಹಯಲುರಾನಿಡೇಸ್ ಮತ್ತು ಪ್ರೋಟೀನ್ ಕಡಿಯುವ ಕಿಣ್ವಗಳನ್ನು ಆ ಬೇರಿನ ಸಾರ ಅಡಗಿಸುತ್ತೆ ಅಂತ ಅವರು ತೋರಿಸಿದ್ದರು. 2006ರಲ್ಲಿ ಅಶ್ವಗಂಧದಿಂದ ತೆಗೆದ ಒಂದು ಪ್ರೋಟೀನೂ ಅದೇ ಕೆಲಸ ಮಾಡ್ತು. ಹಾಗಾದರೆ ಪಕ್ಕದ ಬೀದಿಯ ಮುದುಕರು ಸರಿಯಿದ್ದರಾ? ಅಲ್ಲ. ಗಾಜಿನ ಕೊಳವೆಯಲ್ಲಿ ವಿಷವನ್ನೂ ಬೇರಿನ ಸಾರವನ್ನೂ ಬೆರೆಸಿ ನೋಡೋದು ಬೇರೆ, ಹಲ್ಲಿನಿಂದ ಮಾಂಸದೊಳಕ್ಕೆ ಇಳಿದ ವಿಷಕ್ಕೆ ಮೇಲಿಂದ ಬೇರು ಮೆತ್ತೋದು ಬೇರೆ. ಮೆತ್ತಿಸಿಕೊಂಡು ಕೂತ ಒಂದೂವರೆ ಗಂಟೆಯಲ್ಲಿ ಚಿಕ್ಕಪ್ಪನ ಬದುಗಳೆಲ್ಲ ಒಡೆದಿದ್ದವು. ಆದರೂ ಊರಿನವರು ಎಲ್ಲ ಬಿಟ್ಟು ಆ ಬೇರನ್ನೇ ಯಾಕೆ ಹುಡುಕಿ ಹೋಗ್ತಿದ್ದರು ಅನ್ನೋದನ್ನು ನಗದೆ, ಪೂಜೆಯೂ ಮಾಡದೆ, ಲ್ಯಾಬಿಗೆ ತಂದು ನೋಡಿದ್ದಾರಲ್ಲ, ಆ ಮರ್ಯಾದೆ ನನಗೆ ಇಷ್ಟವಾಯಿತು.

2007ರಲ್ಲಿ ಗಿರೀಶ್ ಮತ್ತು ಕೆಂಪರಾಜು ಇಬ್ಬರೂ ಸೇರಿ 'ಲೈಫ್ ಸೈನ್ಸಸ್' ಅನ್ನುವ ಪತ್ರಿಕೆಯಲ್ಲಿ ಇಡೀ ವಿಷಯದ ಸಮೀಕ್ಷೆ ಬರೆದರು. ಶೀರ್ಷಿಕೆಯಲ್ಲಿ ಹಯಲುರಾನಿಕ್ ಆಸಿಡ್ಡನ್ನು 'ಮ್ಯಾಜಿಕ್ ಅಂಟು' ಅಂತಲೂ ಕಿಣ್ವವನ್ನು ಅದರ 'ರಬ್ಬರು' ಅಂತಲೂ ಕರೆದಿದ್ದಾರೆ, ಪೆನ್ಸಿಲ್ ಬರಹ ಅಳಿಸ್ತೀವಲ್ಲ ಆ ರಬ್ಬರು. ಸೌಂದರ್ಯದ ಅಂಗಡಿಗಳಲ್ಲಿ ಈ ಅಂಟಿನ ಹೆಸರು ಹೇಳದ ಬಾಟಲಿ ಇಲ್ಲ. ರಬ್ಬರಿನ ಹೆಸರು ಮಾತ್ರ ಎಲ್ಲೂ ಇಲ್ಲ.

ಅಂಟು ಅಂಗಡಿಗೆ ಬಂದ ದಾರಿಯನ್ನು ಬೇಗ ಹೇಳಿಬಿಡ್ತೀನಿ. ಹಂಗೆರಿಯ ಎಂಡ್ರೆ ಬಾಲಾಷ್ ಅನ್ನುವವರು ಸ್ಟಾಕ್‌ಹೋಮಿಗೆ ಹೋಗಿ, ಅಲ್ಲಿಂದ ಅಮೆರಿಕಕ್ಕೆ ಹೋಗಿ, ಜೀವಮಾನವಿಡೀ ಇದರ ಬೆನ್ನು ಹತ್ತಿದರು. ಅವರಿಗೆ ಶುದ್ಧವಾಗಿ, ಧಾರಾಳವಾಗಿ ಸಿಕ್ಕಿದ್ದು ಹುಂಜದ ಜುಟ್ಟಿನಲ್ಲಿ. ನಾಟಿ ಹುಂಜದ ಕೆಂಪು ಜುಟ್ಟು ಮುಟ್ಟಿ ನೋಡಿದವರಿಗೆ ಅದು ಎಷ್ಟು ಮೆತ್ತಗೆ, ತುಂಬಿಕೊಂಡಿರುತ್ತೆ ಅಂತ ಗೊತ್ತು, ಹಬ್ಬದ ದಿನ ನಾವದನ್ನು ಕಡಿದು ಬಿಸಾಕ್ತೀವಿ. 1980ರಲ್ಲಿ ಸ್ವೀಡನ್ನಿನ ಫಾರ್ಮೇಸಿಯಾ ಕಂಪನಿ ಜುಟ್ಟಿನಿಂದ ತೆಗೆದ ಜೆಲ್ಲನ್ನು ಹೀಲಾನ್ ಹೆಸರಿನಲ್ಲಿ ಕಣ್ಣಿನ ಪೊರೆಯ ಆಪರೇಷನ್ನಿಗೆ ತಂದಿತು. ಕಣ್ಣೊಳಗೆ ಜಾಗ ಹಿಡಿದು ನಿಲ್ಲಿಸಿ, ಸೂಕ್ಷ್ಮ ಪದರಗಳಿಗೆ ಪೆಟ್ಟಾಗದ ಹಾಗೆ ಲೆನ್ಸ್ ಕೂರಿಸಲು ಅದು ನೆರವಾಯಿತು. ದನದ ಕಣ್ಣಲ್ಲಿ ಸಿಕ್ಕಿದ್ದು ಮನುಷ್ಯರ ಕಣ್ಣಿಗೆ ವಾಪಸ್ ಬಂದಂತಾಯಿತು. ನಮ್ಮಜ್ಜಿಯ ಕಾಲದ ಕಣ್ಣಿನ ಶಿಬಿರಗಳಲ್ಲಿ ಪೊರೆ ತೆಗೆದು ಸೋಡಾಬುಡ್ಡಿ ಕನ್ನಡಕ ಕೊಟ್ಟು ಕಳಿಸ್ತಿದ್ದರು, ಆಗ ಲೆನ್ಸೂ ಇಲ್ಲ, ಈ ಜೆಲ್ಲೂ ಇಲ್ಲ.

ಮುಖದ ಕಥೆ ಬೇರೆ, ಸ್ವಲ್ಪ ಅಸಹ್ಯದ್ದು. 1899ರಲ್ಲಿ ವಿಯೆನ್ನಾದ ಗೆರ್ಸುನಿ ಅನ್ನುವ ಸರ್ಜನ್ ಮೈಯೊಳಕ್ಕೆ ಪ್ಯಾರಾಫಿನ್ ಚುಚ್ಚೋಕೆ ಶುರು ಮಾಡಿದರು, ಮೇಣದಬತ್ತಿಯ ಸೋದರಸಂಬಂಧಿ. ಅದು ಸರಿದು ಗಂಟಾಗೋದು, ವ್ರಣವಾಗೋದು, ತೆಗೆಯೋಕೂ ಬರುತ್ತಿರಲಿಲ್ಲ. ಆಮೇಲೆ ಸಿಲಿಕೋನ್ ಬಂತು, ಅದರದ್ದೂ ಅದೇ ಹಣೆಬರಹ. 1981ರಲ್ಲಿ ಅಮೆರಿಕದ ಎಫ್.ಡಿ.ಎ. ದನದ ಕೊಲಾಜನ್ನಿಗೆ ಒಪ್ಪಿಗೆ ಕೊಟ್ಟಿತು, ಅದಕ್ಕೆ ಮೊದಲು ಅಲರ್ಜಿ ಪರೀಕ್ಷೆ ಮಾಡಿ ವಾರಗಟ್ಟಲೆ ಕಾಯಬೇಕಿತ್ತು. 1996ರಲ್ಲಿ ಸ್ವೀಡನ್ನಿನ ಕ್ಯೂ-ಮೆಡ್ ಕಂಪನಿಯ ರೆಸ್ಟಿಲೇನ್ ಯುರೋಪಿಗೆ ಬಂತು, 2003ರ ಡಿಸೆಂಬರ್‌ನಲ್ಲಿ ಅಮೆರಿಕಕ್ಕೆ. ಇದರಲ್ಲಿ ಹುಂಜವೂ ಇಲ್ಲ, ದನವೂ ಇಲ್ಲ. ಕೆಲವು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾಗಳು ನಮ್ಮ ಮೈ ಕಾವಲುಗಾರರ ಕಣ್ಣು ತಪ್ಪಿಸಲು ಹಯಲುರಾನಿಕ್ ಆಸಿಡ್ಡಿನ ಹೊದಿಕೆ ಹೊದ್ದುಕೊಂಡಿರ್ತವೆ. ಅವುಗಳನ್ನು ದೊಡ್ಡ ತೊಟ್ಟಿಗಳಲ್ಲಿ ದೋಸೆ ಹಿಟ್ಟಿನ ಹಾಗೆ ಹುದುಗಿಸಿ, ಹೊದಿಕೆ ಮಾತ್ರ ತೆಗೆದುಕೊಳ್ಳೋದು. ಸುಮ್ಮನೆ ಚುಚ್ಚಿದರೆ ನಮ್ಮ ಮೈಯೇ ಅದನ್ನು ಕೆಲವು ದಿನಕ್ಕೆ ಕರಗಿಸಿಬಿಡುತ್ತೆ, ಅದಕ್ಕೆ ಸರಗಳನ್ನು ಒಂದಕ್ಕೊಂದು ರಾಸಾಯನಿಕವಾಗಿ ಕೊಂಡಿ ಹಾಕ್ತಾರೆ. ಆಗ ತಿಂಗಳುಗಟ್ಟಲೆ ನಿಲ್ಲುತ್ತೆ. ನನ್ನ ಕಣ್ಣಿನ ಕೆಳಗೆ ಕೂತಿದ್ದು ಇದೇ.

ಇದು ಹಳೆಯ ಮೇಣ, ಸಿಲಿಕೋನ್‌ಗಳನ್ನೆಲ್ಲ ಹಿಂದೆ ಹಾಕಿದ್ದಕ್ಕೆ ಒಂದು ದೊಡ್ಡ ಕಾರಣ ಆ ರಬ್ಬರು. ತಪ್ಪಾದರೆ ಅಳಿಸಬಹುದು. ನನ್ನ ಥರದ ಗಂಟು ಸಣ್ಣ ವಿಷಯ. ಫಿಲ್ಲರ್ ಅಕಸ್ಮಾತ್ ರಕ್ತನಾಳದೊಳಗೆ ಹೋದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು, ಆಗ ಗಂಟೆಗಳ ಲೆಕ್ಕದಲ್ಲಿ ಹಯಲುರಾನಿಡೇಸ್ ಚುಚ್ಚಬೇಕು. ನಿಮ್ಮಲ್ಲಿ ಯಾರಾದರೂ ಹೋಗುವವರಿದ್ದರೆ ಕ್ಲಿನಿಕ್ಕಿನ ಸೋಫಾ ನೋಡಬೇಡಿ, ಫ್ರಿಜ್ಜಿನಲ್ಲಿ ಆ ಕಿಣ್ವ ಇದೆಯಾ ಕೇಳಿ. ನಾನು ಮೊದಲು ಹೋದ ಕಡೆ ಕೇಳಿರಲಿಲ್ಲ.

ಸೀರಮ್ ಬಗ್ಗೆಯೂ ಕೇಳ್ತೀರಿ ಅಂತ ಗೊತ್ತು. ತನ್ನ ತೂಕದ ಸಾವಿರ ಪಟ್ಟು ನೀರು ಹಿಡಿಯುತ್ತೆ ಅಂತ ಜಾಹೀರಾತಿನಲ್ಲಿ ಹಾಕ್ತಾರಲ್ಲ, ಅದು ಬಾಟಲಿಯ ಮೇಲಷ್ಟೇ ಚೆಂದ. ದೊಡ್ಡ ಸರಗಳು ಚರ್ಮದ ಮೇಲ್ಪದರ ದಾಟಿ ಒಳಗೆ ಇಳಿಯಲ್ಲ, ಮೇಲೇ ಕೂತು ಒದ್ದೆ ಹಿಡಿದಿಟ್ಟುಕೊಳ್ತವೆ. ಒದ್ದೆ ಮುಖಕ್ಕೆ ಹಚ್ಚಿ ಮೇಲೆ ಕ್ರೀಮು ಬಳಿದರೆ ಕೆಲಸ ಮಾಡುತ್ತೆ, ಗುಳಿ ತುಂಬಲ್ಲ. ಅವ್ವ ಮುಖ ತೊಳೆದು ಒರೆಸದೆ ಕೊಬ್ಬರಿ ಎಣ್ಣೆ ಸವರಿಕೊಳ್ತಿದ್ದಳು. ಲೆಕ್ಕ ಹತ್ತಿರ ಹತ್ತಿರ ಅದೇ.

ಅಂಕಿ ಒಂದನ್ನು ಬಿಟ್ಟುಹೋಗೋಕೆ ಮನಸ್ಸಿಲ್ಲ. 2020ರಲ್ಲಿ ಬಂದ ಒಂದು ಅಧ್ಯಯನದ ಅಂದಾಜಿನ ಪ್ರಕಾರ 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ, ಬಹುಪಾಲು ಹಳ್ಳಿಗಳಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ಕಡೆಗಣಿಸಲ್ಪಟ್ಟ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ಕರ್ನಾಟಕ ನಿಯಮ ಮಾಡಿದ್ದು 2024ರಲ್ಲಿ. ಅಲ್ಲಿಯವರೆಗೆ ಚಿಕ್ಕಪ್ಪನಂಥವರು ಊರಿನವರ ಬಾಯಿಯ ಲೆಕ್ಕದಲ್ಲಿ ಮಾತ್ರ ಇದ್ದರು. ಅದೇ ಹೊತ್ತಿಗೆ ನಾವು ಅದೇ ಅಂಟಿನ ಒಂದು ಮಿಲಿಲೀಟರಿಗೆ ಇಎಂಐ ಕಟ್ತಾ ಇದ್ದೀವಿ. ನನ್ನನ್ನೂ ಸೇರಿಸಿಯೇ ಹೇಳ್ತಿದ್ದೀನಿ.

ಅಂದು ಮುಂಗೈ ಮೇಲೆ ಏನೂ ಏಳಲಿಲ್ಲ. ಡಾಕ್ಟರು ಕಣ್ಣಿನ ಕೆಳಗೆ ಎರಡು ಕಡೆ ಚುಚ್ಚಿದರು, ಸಣ್ಣಗೆ ಉರಿಯಿತು, ಆರು ಸಾವಿರ ಬಿಲ್ಲಾಯಿತು. ಮೂರನೇ ದಿನ ಗಂಟೂ ಇಲ್ಲ, ನೀಲಿಯೂ ಇಲ್ಲ, ಹಳೆಯ ಗುಳಿ ಮಾತ್ರ ಅದರ ಜಾಗದಲ್ಲಿ ವಾಪಸ್ ಬಂದು ಕೂತಿತ್ತು.

ಮದುವೆಗೆ ಊರಿಗೆ ಹೋದಾಗ ಚಿಕ್ಕಪ್ಪ ಬ್ಯಾರನ್ ಮುಂದೆ ಸೌದೆ ಜೋಡಿಸುತ್ತಿದ್ದ. ಈಗ ಟಾರ್ಚ್ ಹಿಡಿದು, ಮೊದಲು ಕೋಲಿನಲ್ಲಿ ತಟ್ಟಿ, ಆಮೇಲೆ ಕೈ ಹಾಕ್ತಾನೆ. ಕಣ್ಣಿನ ಕೆಳಗೆ ಏನ್ ಮಗ, ಸೂಜಿ ಗುರ್ತು ಅಂದ. ಅಡಗಿಸಿಡೋದೇನು ಅಂತ ಎಲ್ಲಾ ಹೇಳಿದೆ: ಹಾಕಿಸಿದ್ದು, ಕರಗಿಸಿದ್ದು, ಹುಳದ ವಿಷದಲ್ಲೂ ಅದೇ ಥರದ್ದು ಇರೋದು, ಮೈಸೂರಲ್ಲಿ ಅದರ ಮೇಲೆ ಓದಿದವರು ಇರೋದು. ಮುಟ್ಟಿದರೆ ಮುನಿ ವಿಷಯಕ್ಕೆ ಬಂದಾಗ ಕೈ ಕೆಲಸ ನಿಲ್ಲಿಸಿ ಕೇಳಿಸಿಕೊಂಡ.

"ಕರಗಿಸೋಕೆ ಎಷ್ಟ್ ಇಸ್ಕೊಂಡ್ರು?"

"ಆರು ಸಾವಿರ."

"ನಂಗೆ ಹುಳ ಬಿಟ್ಟಿ ಮಾಡಿಕೊಡ್ತಲ್ಲ ಕಣವ್ವ," ಅಂತ ಪಂಚೆ ಸ್ವಲ್ಪ ಎತ್ತಿ ಆ ಕಾಲು ನೋಡಿಕೊಂಡ. ಆಮೇಲೆ ಕೋಲು ನನ್ನ ಕೈಗೆ ಕೊಟ್ಟು, "ಆ ಕಡೆ ರಾಶಿಗೆ ಒಸಿ ತಟ್ಟು, ಕತ್ತಲಾಯ್ತಾ ಬಂತು," ಅಂದ.